ಮಾತಿಲ್ಲದ ವಾರ್ಡು

ಮಗಳು ನರ್ಸಿಂಗ್ ಪರೀಕ್ಷೆ ಪಾಸಾದ ಸುದ್ದಿ ಬಂದ ದಿನ ಮನೆಯವರೆಲ್ಲ ಒಟ್ಟಿಗೆ ಮಾತಾಡಿದರು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆ ಮನೆಯಲ್ಲಿ ಸುದ್ದಿ ಬಂದರೂ ಬರದಿದ್ದರೂ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಅಪ್ಪ ವಿಮಾ ಏಜೆಂಟು. ಎದುರಿಗೆ ಕೂತವರಿಗೆ ಅವರದೇ ಸಾವನ್ನು ನಗುನಗುತ್ತಾ ವಿವರಿಸಿ, ಸಹಿ ಹಾಕಿಸಿಕೊಂಡೇ ಏಳುವ ಮನುಷ್ಯ. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಅಲ್ಲಿಗೆ ಬಂದವರು ಮೊದಲು ಮೆಷಿನ್ನುಗಳ ಸದ್ದಿಗಿಂತ ಗಟ್ಟಿಯಾಗಿ ಮಾತಾಡುವುದನ್ನು ಕಲಿತು, ಆಮೇಲೆ ಕಾಜಾ ಹೊಲಿಯುವುದನ್ನು ಕಲಿಯುತ್ತಿದ್ದರು. ಅಣ್ಣ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ದಿನವಿಡೀ "ಬ್ರೇಕ್! ಬ್ರೇಕ್!" ಎಂದು ಅರಚಿ ಅರಚಿ, ಊಟಕ್ಕೆ ಕೂತಾಗಲೂ ಅದೇ ಗಂಟಲಲ್ಲಿ ಉಪ್ಪು ಕೇಳುತ್ತಿದ್ದ. ಇಂಥವರ ನಡುವೆ ಹುಟ್ಟಿದ ಹುಡುಗಿ ತುಟಿ ಪಿಟಕ್ಕೆನ್ನದೆ ಬೆಳೆದಳು. ಗುಮ್ಮನಗುಸುಕಿ ಎಂದು ಚಿಕ್ಕಮ್ಮ ಇಟ್ಟ ಹೆಸರು ಬಾಯಿಂದ ಬಾಯಿಗೆ ಸವೆದು ಗುಮ್ಮಿ ಎಂದಾಗಿ ನಿಂತಿತ್ತು.

ಈಗ ಗುಮ್ಮಿ ಯಾವ ವಿಭಾಗ ಸೇರಬೇಕು ಎಂಬುದು ಪ್ರಶ್ನೆ.

"ಹೃದಯ ತಗೋ," ಎಂದ ಅಪ್ಪ. "ಹೃದಯಕ್ಕೆ ಯಾವತ್ತೂ ಡಿಮ್ಯಾಂಡ್ ಕಮ್ಮಿ ಆಗಲ್ಲ. ಅನುಭವದಿಂದ ಹೇಳ್ತಿದೀನಿ."

"ಬೆಳಗಾಗೆದ್ದು ಸಾವಿನ ಮಾತೇ ಆಗಬೇಕು ನಿಮಗೆ," ಎಂದಳು ಅಮ್ಮ. "ಮಕ್ಕಳ ವಾರ್ಡಿಗೆ ಹೋಗಲಿ. ನಾಳೆ ಇವಳಿಗೇ ಒಂದಾದಾಗ ಉಪಯೋಗಕ್ಕೆ ಬರುತ್ತೆ."

"ಕಣ್ಣಿನ ವಾರ್ಡಿನಷ್ಟು ಸುಖ ಇನ್ನೆಲ್ಲೂ ಇಲ್ಲ ಕಣಕ್ಕ," ಎಂದಳು ಚಿಕ್ಕಮ್ಮ. "ರಕ್ತ ಇಲ್ಲ, ವಾಸನೆ ಇಲ್ಲ. ಒಂದು ದಿನ ತಲೆ ಬಾಚಿಕೊಳ್ಳದೆ ಹೋದರೂ ಯಾರಿಗೂ ಕಾಣಿಸಲ್ಲ."

"ಮೂಳೆ!" ಎಂದು ಅಣ್ಣ ಬ್ರೇಕ್ ಹಾಕಿಸುವ ದನಿಯಲ್ಲಿ ಕೂಗಿದ. "ನನ್ನ ಸ್ಟೂಡೆಂಟುಗಳು ರಸ್ತೆ ಮೇಲೆ ಇರೋ ತನಕ ಅಲ್ಲಿ ಕೆಲಸಕ್ಕೆ ಬರ ಇಲ್ಲ."

ಗುಮ್ಮಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ. ಆದರೆ ಮನಸ್ಸಿನಲ್ಲಿ ಎಂದೋ ತೀರ್ಮಾನವಾಗಿತ್ತು: ಯಾವ ವಿಭಾಗದಲ್ಲಿ ರೋಗಿಗಳು ಮಾತಾಡುವುದಿಲ್ಲವೋ ಅದೇ ತನ್ನ ವಿಭಾಗ. ಕಲಿಯುವ ಕಾಲದಲ್ಲಿ ರಕ್ತ ಕಂಡು ಅವಳ ತಲೆ ತಿರುಗಿದ್ದಿಲ್ಲ, ಹುಣ್ಣು ತೊಳೆಯುವಾಗ ಮುಖ ಸಿಂಡರಿಸಿದ್ದಿಲ್ಲ. ಚುಚ್ಚಿದ್ದೇ ಗೊತ್ತಾಗದಂತೆ ಸೂಜಿ ಚುಚ್ಚುವ ಕೈ ಅವಳದು. ಅವಳಿಗೆ ನಡುಕ ಹುಟ್ಟುತ್ತಿದ್ದದ್ದು ಚುಚ್ಚಿ ಮುಗಿದ ಮೇಲೆ, ರೋಗಿ ಹಾಯಾಗಿ ದಿಂಬಿಗೊರಗಿ, "ಅಂದ ಹಾಗೆ ಸಿಸ್ಟರ್, ನಿಮ್ಮ ಮನೇಲಿ ಎಷ್ಟು ಜನ?" ಎಂದು ಶುರು ಹಚ್ಚಿಕೊಂಡಾಗ.

ಅವಳಿಗೆ ಕೆಲಸ ಸಿಕ್ಕಿದ ದೊಡ್ಡಾಸ್ಪತ್ರೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ನರ್ಸುಗಳನ್ನು ಮೊದಲು ಕೆಲವು ವಿಭಾಗಗಳಲ್ಲಿ ಸುತ್ತಾಡಿಸಿ, ಕೊನೆಗೆ ಮೇಟ್ರನ್ ತಮ್ಮ ಕೋಣೆಗೆ ಕರೆದು, ನಿನಗೆ ಯಾವುದು ಬೇಕು ಎಂದು ಕೇಳುತ್ತಿದ್ದರು. ಕೇಳಿದ್ದನ್ನೇ ಕೊಡುತ್ತಾರೆ ಎಂದೇನಿರಲಿಲ್ಲ. ಎಲ್ಲರೂ ಕೇಳುವುದನ್ನು ಕೇಳಿದರೆ ಸಿಗುತ್ತಿರಲಿಲ್ಲ, ಅಷ್ಟೆ.

ಗುಮ್ಮಿ ಕಣ್ಣಿಟ್ಟಿದ್ದದ್ದು ಆಪರೇಷನ್ ಥಿಯೇಟರಿನ ಮೇಲೆ. ರೋಗಿ ಮಲಗಿರುತ್ತಾನೆ, ಅದೂ ಔಷಧಿ ಕೊಟ್ಟು ಮಲಗಿಸಿದ ನಿದ್ದೆ. ಉಳಿದವರ ಬಾಯಿಗೆಲ್ಲ ಬಟ್ಟೆ. ಇದಕ್ಕಿಂತ ನೆಮ್ಮದಿಯ ಜಾಗ ಭೂಮಿಯ ಮೇಲೆ ಇದ್ದೀತೆ? ಮೊದಲ ದಿನ ರೋಗಿಯ ಕಣ್ಣು ಮುಚ್ಚಿತು, ದೀಪ ಹೊತ್ತಿತು, ಎಲ್ಲೆಡೆ ಮೌನ ಇಳಿಯಿತು. ಗುಮ್ಮಿ ಉಸಿರು ಬಿಟ್ಟಳು. ಸರ್ಜನ್ ಕತ್ತಿ ಕೈಗೆತ್ತಿಕೊಂಡು ಹೇಳಿದರು:

"ಟೈಲ್ಸ್ ಹಾಕೋನು ಮತ್ತೆ ಕೈ ಕೊಟ್ಟ ಕಣ್ರಯ್ಯಾ."

ಸರ್ಜನ್ ಹೊಸ ಮನೆ ಕಟ್ಟಿಸುತ್ತಿದ್ದರು. ಪಾಯ ತೋಡಿದ ದಿನದಿಂದ ಹಿಡಿದು ತಾರಸಿಯ ತನಕ ಇಡೀ ಮನೆಯನ್ನು ಅವರು ಮೇಜಿನ ಮೇಲೆ ಮಲಗಿದ್ದವರ ಹೊಟ್ಟೆಯ ಮುಂದೆ ಬಾಗಿ ನಿಂತು ಇನ್ನೊಮ್ಮೆ ಕಟ್ಟುತ್ತಿದ್ದರು. ಕಣ್ಣು ಎತ್ತುವ ಹಾಗಿರಲಿಲ್ಲವಾದ್ದರಿಂದ ಯಾರಾದರೂ ತಲೆಯಾಡಿಸಿದರೆ ಅವರಿಗೆ ತಿಳಿಯುತ್ತಿರಲಿಲ್ಲ, ಹೂಂಗುಟ್ಟಲೇಬೇಕಿತ್ತು. ಉಳಿದವರೆಲ್ಲ ಕಿವಿಗೆ ಹಾಕಿಕೊಳ್ಳದೆ ಹೂಂಗುಟ್ಟುವುದನ್ನು ರೂಢಿಸಿಕೊಂಡಿದ್ದರು. ಗುಮ್ಮಿಗೆ ಆ ವಿದ್ಯೆ ಗೊತ್ತಿರಲಿಲ್ಲ. ಒಂದು ದಿನ ಸರ್ಜನ್, "ಎಲ್ಲಿದ್ದೆ ನಾನು?" ಎಂದಾಗ, ಯೋಚಿಸದೆ, "ಅಡುಗೆಮನೆ ಕಿಟಕಿ, ಸರ್," ಎಂದುಬಿಟ್ಟಳು. ಅಷ್ಟೇ ಸಾಕಾಯಿತು. ನಾಳೆಯಿಂದ ಆ ಹುಡುಗಿ ನನ್ನ ಮೇಜಿನ ಹತ್ತಿರವೇ ಇರಲಿ ಎಂದು ಅಪ್ಪಣೆಯಾಯಿತು. ಸರದಿ ಮುಗಿಯುವ ಹೊತ್ತಿಗೆ ಗುಮ್ಮಿಗೆ ಆ ಮನೆಯ ಒಂದೊಂದು ನಲ್ಲಿಯೂ ಬಾಯಿಪಾಠವಾಗಿತ್ತು, ತಲೆ ಚಿಟ್ಟು ಹಿಡಿದಿತ್ತು.

ಆಮೇಲೆ ಹಸುಗೂಸುಗಳ ವಾರ್ಡು. ಕೂಸುಗಳಿಗಂತೂ ಮಾತು ಬರುವುದಿಲ್ಲವಲ್ಲ ಎಂದುಕೊಂಡು ಹೋದಳು. ಕೂಸುಗಳಿಗೆ ಬರುತ್ತಿರಲಿಲ್ಲ, ನಿಜ. ಆದರೆ ಒಂದೊಂದು ಕೂಸಿನ ಹಿಂದೆಯೂ ಇಬ್ಬರು ಅಜ್ಜಿಯರಿರುತ್ತಾರೆ, ಮೂಗು ಯಾರ ಕಡೆಯದು ಎಂಬುದನ್ನು ಸಿಸ್ಟರೇ ತೀರ್ಮಾನಿಸಬೇಕಾಗುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರು?

ಕೊನೆಯದಾಗಿ ಅವಳನ್ನು ಕಳಿಸಿದ್ದು ಉದ್ದನೆಯ ಓಣಿಯ ತುದಿಯಲ್ಲಿ, ಮುರಿದ ಮಂಚಗಳ ಗೋದಾಮಿನ ಪಕ್ಕದಲ್ಲಿದ್ದ ಪಾರ್ಶ್ವವಾಯುವಿನ ವಾರ್ಡಿಗೆ. ಅಲ್ಲಿ ಮೆದುಳಿಗೆ ಪೆಟ್ಟುಬಿದ್ದು ಮಾತು ಹೋದವರೇ ಹೆಚ್ಚು. ಕಿಟಕಿಯ ಬಳಿ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ಸ್ವಾಧೀನವಿಲ್ಲದ ಕೈಯನ್ನು ಬೇರೆ ಯಾರದೋ ಸಾಮಾನು ಕಾಯುವವರಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ಯಾರೂ ಏನೂ ಕೇಳಲಿಲ್ಲ. ಆ ವಾರ ವಾರ್ಡಿನ ಹಿರಿಯ ಸಿಸ್ಟರ್ ರಜೆಯಲ್ಲಿದ್ದರು. ಮಾತು ಕಲಿಸುವ ಥೆರಪಿಸ್ಟ್ ಕೂಡ ರಜೆ ಹಾಕಿದ್ದರು. ಬದಲಿಗೆ ಬಂದಿದ್ದ ಸಿಸ್ಟರಿಗೆ ಹಲ್ಲುನೋವು; ಅವರೂ ಬಾಯಿ ತೆರೆಯುತ್ತಿರಲಿಲ್ಲ. ಗುಮ್ಮಿ ಮೈ ಒರೆಸಿದಳು, ಮಗ್ಗುಲು ಬದಲಿಸಿದಳು, ಚಮಚದಲ್ಲಿ ಗಂಜಿ ಕುಡಿಸಿದಳು, ತಲೆ ಬಾಚಿದಳು. ಇಡೀ ವಾರ ಗೋಡೆ ಗಡಿಯಾರದ ಸದ್ದು ಬಿಟ್ಟರೆ ಇನ್ನೊಂದು ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಇಷ್ಟು ಹಾಯಾಗಿ ಅವಳು ಎಲ್ಲೂ ಇದ್ದಿರಲಿಲ್ಲ.

ಮೇಟ್ರನ್ ಕರೆದು ಕೇಳಿದಾಗ, "ಪಾರ್ಶ್ವವಾಯು ವಾರ್ಡು, ಮೇಡಂ," ಎಂದಳು.

ಮೇಟ್ರನ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ಯಾರಾದರೂ ನಿನಗೆ ಬಲವಂತ ಮಾಡಿದರೇನಮ್ಮ?"

"ಇಲ್ಲ ಮೇಡಂ."

"ಆ ವಾರ್ಡನ್ನ ಈವರೆಗೆ ಒಬ್ಬಳೂ ಬಾಯಿಬಿಟ್ಟು ಕೇಳಿದ್ದಿಲ್ಲ. ಶಿಕ್ಷೆ ಅಂತ ಹಾಕಿದವರೂ ಅತ್ತು ಕರೆದು ಬಿಡಿಸಿಕೊಂಡು ಹೋಗ್ತಾರೆ. ನಿನಗ್ಯಾಕೆ ಬೇಕು?"

ಗುಮ್ಮಿ ಏನೂ ಹೇಳಲಿಲ್ಲ. ಹೇಳುವಂಥ ಕಾರಣವೂ ಆಗಿರಲಿಲ್ಲ. ಆ ಮೌನವನ್ನು ಮೇಟ್ರನ್ ತಮಗೆ ತೋಚಿದಂತೆ ಓದಿಕೊಂಡರು. ಅವರ ಕಣ್ಣು ಒದ್ದೆಯಾಯಿತು. ಮರುದಿನ ಹೊಸ ನರ್ಸುಗಳನ್ನೆಲ್ಲ ಸೇರಿಸಿ, ಸೇವೆ ಎಂದರೇನು ಎಂದು ಗುಮ್ಮಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ವಿವರಿಸಿದರು. ಗುಮ್ಮಿ ತಲೆ ತಗ್ಗಿಸಿ ನಿಂತಿದ್ದಳು. ಅದನ್ನು ವಿನಯ ಎಂದರು.

ಮನೆಯಲ್ಲಿ ಸುದ್ದಿ ಕೇಳಿ ಅಪ್ಪ ಮಾತ್ರ ಬೇಗ ಸುಧಾರಿಸಿಕೊಂಡ. "ಪಾರ್ಶ್ವವಾಯುವಿಗೂ ಭವಿಷ್ಯ ಇದೆ," ಎಂದ. ಅಮ್ಮ, "ಮಾತಾಡದವರ ಹತ್ತಿರ ಮಾತಾಡದವಳು! ಸಿಡಿಲು ಬಡಿದರೂ ಹೊರಗಿನವರಿಗೆ ಗೊತ್ತಾಗಲ್ಲ," ಎಂದು ಹಣೆ ಚಚ್ಚಿಕೊಂಡಳು.

ಕೆಲಸಕ್ಕೆ ಸೇರಿದ ಬೆಳಿಗ್ಗೆ ಹಿರಿಯ ಸಿಸ್ಟರ್ ರಜೆ ಮುಗಿಸಿ ಬಂದಿದ್ದರು. ಓಣಿಯ ಆ ತುದಿಯಿಂದಲೇ ಅವರ ದನಿ ಕೇಳಿ ಗುಮ್ಮಿಯ ನಡಿಗೆ ನಿಧಾನವಾಯಿತು. ಒಳಗೆ ಹೋದರೆ, ಅವರು ಒಬ್ಬ ಅಜ್ಜನ ಅಂಗಿಯ ಗುಂಡಿ ಹಾಕುತ್ತಾ, "ಇದು ಅಂಗಿ. ನೀಲಿ ಅಂಗಿ. ಇದೇನಜ್ಜಾ? ನೀಲಿ...?" ಎಂದು ಅಲ್ಲಿಗೇ ನಿಲ್ಲಿಸಿ, ಊರಿಗೆ ಬಸ್ಸು ಕಾಯುವವರ ಹಾಗೆ ಕಾಯುತ್ತಿದ್ದರು. ಅಜ್ಜನ ತುಟಿ ಅಲುಗಿತು. ಮಾತು ಬರಲಿಲ್ಲ. "ನಾಳೆ ಬರುತ್ತೆ ಬಿಡಿ," ಎಂದು ಅವರು ಗುಮ್ಮಿಯ ಕಡೆ ತಿರುಗಿದರು.

"ತಾನಾಗೇ ಕೇಳ್ಕೊಂಡು ಬಂದವಳು ನೀನೇ ಅಲ್ವಾ? ಒಳ್ಳೇದು. ಇಲ್ಲಿ ಮಾತ್ರೆ, ಸೂಜಿ ಎಲ್ಲ ಇದೆ. ಆದರೆ ಮುಖ್ಯವಾದ ಔಷಧಿ ಮಾತು. ಥೆರಪಿಸ್ಟ್ ಬೆಳಿಗ್ಗೆ ಬಂದು ಒಂದಿಷ್ಟು ಹೊತ್ತು ಇದ್ದು ಹೋಗ್ತಾರೆ. ಉಳಿದ ದಿನ ಪೂರ್ತಿ ನೀನೇ. ಬಾಚೋವಾಗ ಮಾತು, ಉಣ್ಣಿಸೋವಾಗ ಮಾತು. ಇವರಿಗೆ ಬುದ್ಧಿ ಕಮ್ಮಿ ಆಗಿಲ್ಲಮ್ಮ, ಮಾತು ದಾರಿ ತಪ್ಪಿದೆ ಅಷ್ಟೆ. ನಿನ್ನ ಮಾತು ಕಿವಿಗೆ ಬೀಳ್ತಿದ್ರೆ ಅವರ ಮಾತು ವಾಪಸ್ ಬರೋಕೆ ದಾರಿ ಹುಡುಕುತ್ತೆ. ಬಾಯಿ ಮುಚ್ಚಿಕೊಂಡು ಕೆಲಸ ಮಾಡೋರು ನಂಗೆ ಬೇಡ."

ಗುಮ್ಮಿ ಬಂದ ಬಾಗಿಲ ಕಡೆ ನೋಡಿದಳು. ಬಿಡಿಸಿಕೊಂಡು ಹೋಗೋಣವೆಂದರೆ, ಹೊಸ ನರ್ಸುಗಳೆಲ್ಲರ ಮುಂದೆ ಅವಳನ್ನು ನಿಲ್ಲಿಸಿ ಹೊಗಳಿಯಾಗಿತ್ತು.

ಅವಳ ಪಾಲಿಗೆ ಬಂದವರು, ಅವಳು ಸುತ್ತು ಮುಗಿಸಿ ಹೋದ ಮೇಲೆ ಸೇರಿಕೊಂಡಿದ್ದ, ಕಿಟಕಿ ಪಕ್ಕದ ಮಂಚದ ದೊಡ್ಡ ಮೇಡಂ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬಹಳ ಕಾಲ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಅವರ ಶಾಲೆಯಲ್ಲಿ ಯಾರ ಬಾಯಿಂದಲಾದರೂ ಒಂದು ಕೆಟ್ಟ ಮಾತು ಬಿದ್ದರೆ ಇಡೀ ತರಗತಿ ಬಿಸಿಲಲ್ಲಿ ನಿಲ್ಲಬೇಕಾಗುತ್ತಿತ್ತಂತೆ. ಅಂಥವರಿಗೆ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಬಲಗೈ, ಬಲಗಾಲು, ಕಲಿತಿದ್ದ ಮಾತು ಎಲ್ಲ ಒಟ್ಟಿಗೆ ಹೋದವು. ಉಳಿದದ್ದು ಒಂದೇ ಒಂದು ಮಾತು.

"ನಮಸ್ಕಾರ ಮೇಡಂ," ಎಂದಳು ಗುಮ್ಮಿ, ಅಷ್ಟಕ್ಕೇ ಬೆವರುತ್ತಾ.

ದೊಡ್ಡ ಮೇಡಂ ಅವಳನ್ನು ಪ್ರಸನ್ನವಾಗಿ ನೋಡಿ, ಸ್ಪಷ್ಟವಾಗಿ ಹೇಳಿದರು: "ಹಾಳಾಗ್ಹೋಗು."

ಅದೇ ಆ ಮಾತು. ನೀರು ಕೊಟ್ಟರೆ "ಹಾಳಾಗ್ಹೋಗು". ಡಾಕ್ಟರು ನಾಡಿ ಹಿಡಿದರೆ "ಹಾಳಾಗ್ಹೋಗು". ಎಳೆಯ ಮೊಮ್ಮಗಳು ಕೆನ್ನೆಗೆ ಮುತ್ತಿಟ್ಟರೂ "ಹಾಳಾಗ್ಹೋಗು". ಮಾತು ಹೋದವರಲ್ಲಿ ಕೆಲವರಿಗೆ ಹೀಗೆ ಬೈಗುಳವೊಂದು ಉಳಿದುಕೊಳ್ಳುತ್ತದೆ, ಅದು ಮೆದುಳಿನ ಬೇರೆ ಗೂಡಿನಲ್ಲಿರುವ ಮಾತು, ಅವರು ಬೇಕೆಂದು ಆಡುವುದಲ್ಲ ಎಂದು ಥೆರಪಿಸ್ಟ್ ಎಷ್ಟು ತಿಳಿಸಿ ಹೇಳಿದರೂ ಮೇಡಂ ಮಗನಿಗೆ ಸಮಾಧಾನವಾಗಿರಲಿಲ್ಲ. ಅವನು ದಿನಾ ಸಂಜೆ ಬರುತ್ತಿದ್ದ, ಬಾಗಿಲ ಬಳಿಯೇ ನಿಂತಿರುತ್ತಿದ್ದ, ಬೈಸಿಕೊಂಡು ಹೋಗುತ್ತಿದ್ದ. "ನಮ್ಮಮ್ಮ ಜನ್ಮದಲ್ಲಿ ಇಂಥ ಮಾತಾಡಿದೋರಲ್ಲ ಸಿಸ್ಟರ್," ಎನ್ನುತ್ತಿದ್ದ, ಅದಕ್ಕೆ ಗುಮ್ಮಿಯೇ ಕಾರಣವೆಂಬಂತೆ. "ಯಾರಾದರೂ ನೋಡೋಕೆ ಬಂದರೆ ನಿದ್ದೆ ಮಾಡ್ತಿದಾರೆ ಅಂತ ಹೇಳಿಬಿಡಿ."

ಮಾತಾಡಬೇಕು ಎಂದರೆ ಏನು ಮಾತಾಡುವುದು? ಮೊದಮೊದಲು ಗುಮ್ಮಿ ಹಿರಿಯ ಸಿಸ್ಟರ್ ಹೇಳಿಕೊಟ್ಟಂತೆ, "ಇದು ಚಮಚ. ಇದು ಲೋಟ," ಎಂದಳು. ಲೋಟವನ್ನು ಎಷ್ಟು ಸಲ ಲೋಟ ಎನ್ನಲು ಸಾಧ್ಯ? ದೊಡ್ಡ ಮೇಡಂ ಮಗ್ಗಿ ತಪ್ಪಿದ ಮಗುವನ್ನು ನೋಡುವಂತೆ ಅವಳನ್ನು ನೋಡುತ್ತಿದ್ದರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು, ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೂಗುಚ್ಛ ಹಿಡಿದು ಒಬ್ಬ ಹೆಂಗಸು ಬಂದಳು. ಮೇಡಂ ಅವರ ಹಳೆಯ ವಿದ್ಯಾರ್ಥಿನಿ. ಈಗ ಆಕೆಯೇ ಒಂದು ಶಾಲೆಯ ಮುಖ್ಯಸ್ಥೆ. ಗುಮ್ಮಿ ನಿದ್ದೆ ಎಂದು ಹೇಳಬೇಕಿತ್ತು; ಆದರೆ ಸುಳ್ಳಿಗೂ ಬಾಯಿ ತೆರೆಯಬೇಕಲ್ಲ, ಅಷ್ಟರಲ್ಲಿ ಆಕೆ ಮಂಚದ ಬಳಿ ಬಂದು ಕಾಲು ಮುಟ್ಟಿಯಾಗಿತ್ತು. "ನಾನಿವತ್ತು ಏನಾಗಿದ್ದರೂ ನಿಮ್ಮಿಂದ, ಮೇಡಂ," ಎಂದಳು ಆಕೆ.

ದೊಡ್ಡ ಮೇಡಂ ಮುಖ ಅರಳಿತು. ತುಟಿಗಳು ಏನನ್ನೋ ಹೇಳಲು ಸಿದ್ಧವಾದವು. ಹೊರಗೆ ಬಂದದ್ದು ಅದೇ.

ಬಂದವಳ ಬಣ್ಣ ಇಳಿದುಹೋಯಿತು. ಮೇಡಂಗೆ ತಮ್ಮ ಬಾಯಿಂದ ಬಿದ್ದದ್ದು ಕೇಳಿಸಿತು. ಇನ್ನೊಮ್ಮೆ ಪ್ರಯತ್ನಿಸಿದರು; ಇನ್ನೂ ಗಟ್ಟಿಯಾಗಿ ಬಂತು. ಎಡಗೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಬೆನ್ನು ಅಲುಗುತ್ತಿತ್ತು.

ಗುಮ್ಮಿ ಹಿಂದೆಂದೂ ಮಾಡದ್ದನ್ನು ಮಾಡಿದಳು. ಅಪರಿಚಿತರೊಬ್ಬರ ಜೊತೆ ತಾನಾಗಿ ಮಾತಿಗೆ ನಿಂತಳು. "ಬೈದದ್ದಲ್ಲ," ಎಂದಳು. "ನೀವು ಬಂದದ್ದಕ್ಕೆ ತುಂಬ ಸಂತೋಷ ಆಗಿದೆ ಅವರಿಗೆ. ದನಿ ಕೇಳಿ, ಮಾತು ಬಿಟ್ಟುಬಿಡಿ. ನೀರು ಬೇಕಾದಾಗ ಬೇರೆ ಥರ ಹೇಳ್ತಾರೆ, ನೋವಾದಾಗ ಬೇರೆ ಥರ. ಇದು ಹಾಗಲ್ಲ. ಇದನ್ನ ನಾನೇ ಇವತ್ತು ಮೊದಲು ಕೇಳಿದ್ದು." ಮಾತುಗಾರರ ಮನೆಯಲ್ಲಿ ಮೂಲೆ ಹಿಡಿದು ಬೆಳೆದವಳಿಗೆ ದನಿಗಳ ಒಳಗನ್ನು ಕೇಳಿಸಿಕೊಳ್ಳುವುದು ಗೊತ್ತಿತ್ತು, ಅದೊಂದು ಕೆಲಸಕ್ಕೆ ಬರುವ ಸಂಗತಿ ಎಂದು ಮಾತ್ರ ಗೊತ್ತಿರಲಿಲ್ಲ. ಬಂದವಳು ಅಳುತ್ತಾ ನಗುತ್ತಾ ಮಂಚದಂಚಿಗೆ ಕೂತಳು.

ಆಕೆ ಹೋದ ಮೇಲೆ ಗುಮ್ಮಿಗೆ ತನ್ನ ಬಗ್ಗೆ ಒಂದು ಥರ ನಾಚಿಕೆಯಾಯಿತು. ತನ್ನ ಹತ್ತಿರ ಮಾತುಗಳು ರಾಶಿ ಬಿದ್ದಿದ್ದವು, ಒಂದನ್ನೂ ಬಳಸಿರಲಿಲ್ಲ. ಈಕೆಗೆ ಒಂದು ಸಿಕ್ಕಿದ್ದರೆ ಸಾಕಿತ್ತು. ಕುರ್ಚಿ ಎಳೆದುಕೊಂಡು ಕೂತು, ಗೋಡೆಗೆ ಮುಖ ಮಾಡಿದ್ದವರಿಗೆ ಅವಳು ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. "ಮೇಡಂ, ನಮ್ಮಮ್ಮನ ಹೊಲಿಗೆ ಕ್ಲಾಸಿಗೆ ಒಬ್ಬರು ಬರ್ತಾರೆ. ಗಂಡನಿಗೆ ಅಂತ ಒಂದು ಅಂಗಿ ಹೊಲಿದರು. ಎರಡೂ ಎಡಗೈ ತೋಳು..."

ಮೇಡಂ ಈ ಕಡೆ ತಿರುಗಿದರು.

ಆವತ್ತು ಹರಿದ ಕೋಡಿ ಮತ್ತೆ ನಿಲ್ಲಲಿಲ್ಲ. ಎರಡು ಎಡತೋಳಿನ ಅಂಗಿ ಮುಗಿದು ಅಣ್ಣನ ಡ್ರೈವಿಂಗ್ ಸ್ಕೂಲು ಬಂತು. ಅಪ್ಪ ಒಬ್ಬರ ಮದುವೆ ಮನೆಯಲ್ಲಿ ಮದುಮಗನಿಗೇ ಸಾವಿನ ಪಾಲಿಸಿ ಮಾಡಿಸಲು ಹೋಗಿ ಹೊರಗೆ ಹಾಕಿಸಿಕೊಂಡದ್ದು ಬಂತು. ಕೈ ತಿರುಗಿಸುತ್ತಾ, ಹುಬ್ಬು ಹಾರಿಸುತ್ತಾ, ಮುಖ್ಯವಾದ ಜಾಗದಲ್ಲಿ ದನಿ ತಗ್ಗಿಸುತ್ತಾ ಹೇಳುತ್ತಿದ್ದವಳಿಗೆ ಒಮ್ಮೆ ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡಿತು. ಅದು ಥೇಟ್ ಅಪ್ಪನ ಮುಖ, ಸಹಿ ಹಾಕಿಸಿಕೊಳ್ಳುವ ಮುಂಚಿನದು. ಹಿರಿಯ ಸಿಸ್ಟರ್, "ನಡುನಡುವೆ ನಿಲ್ಲಿಸಿ ಅವರಿಗೂ ಜಾಗ ಬಿಡೇ," ಎಂದು ಎಚ್ಚರಿಸುತ್ತಿದ್ದರು. ಗುಮ್ಮಿ ತಲೆಯಾಡಿಸಿ ಮುಂದುವರಿಸುತ್ತಿದ್ದಳು.

ಒಂದು ಬೆಳಿಗ್ಗೆ ಗುಮ್ಮಿ ಮೇಡಂ ತಲೆ ಬಾಚುತ್ತಾ, ಪಕ್ಕದ ಮನೆಯವರ ನಾಯಿ ಅಮ್ಮನ ಅಳತೆ ಟೇಪನ್ನು ನುಂಗಿದ ಕಥೆ ಹೇಳುತ್ತಿದ್ದಳು. ನಾಯಿಯಿಂದ ನಾಯಿಯ ಯಜಮಾನರಿಗೆ, ಅವರಿಂದ ಅವರ ಬೀಗರಿಗೆ ಕಥೆ ಹೋಗಿತ್ತು. ಮೇಡಂ ಎರಡು ಸಲ ಎಡಗೈ ಎತ್ತಿದರು. ಗುಮ್ಮಿ ಗಮನಿಸಲಿಲ್ಲ. ಮೂರನೆಯ ಸಲ ಆ ಕೈ ಮಂಚದ ಪಕ್ಕದ ಮೇಜಿನ ಮೇಲೆ ಪಟ್ಟನೆ ಬಿತ್ತು.

"ಸುಮ್ಮನಿರು!"

ಕಿಟಕಿ ಬಳಿಯ ಅಜ್ಜಂದಿರು ನೆಟ್ಟಗೆ ಕೂತರು. ಹಿರಿಯ ಸಿಸ್ಟರ್ ಕೈಯಲ್ಲಿದ್ದ ಟ್ರೇಯನ್ನು ಎಲ್ಲಿಡುವುದೆಂದು ತೋಚದೆ ಹಿಡಿದುಕೊಂಡೇ ಓಡಿಬಂದರು. ಗುಮ್ಮಿ ಬಾಚಣಿಗೆ ಎತ್ತಿದ ಕೈಯಲ್ಲೇ ನಿಂತಿದ್ದಳು. ಮಾತಾಡೇ, ಮಾತಾಡೇ ಎಂದು ಹುಟ್ಟಿದಾಗಿನಿಂದ ಎಲ್ಲರ ಕೈಲೂ ಅನ್ನಿಸಿಕೊಂಡವಳಿಗೆ ಜೀವಮಾನದಲ್ಲಿ ಮೊದಲ ಸಲ ಒಬ್ಬರು ಬಾಯಿ ಮುಚ್ಚು ಎಂದಿದ್ದರು. ಅವಳ ಕಣ್ಣಲ್ಲಿ ನೀರು ತುಂಬಿತು.

"ಇನ್ನೊಂದ್ಸಲ ಹೇಳಿ ಮೇಡಂ," ಎಂದಳು.

"ಸುಮ್ಮನಿರು," ಎಂದರು ದೊಡ್ಡ ಮೇಡಂ. ತಮ್ಮದೇ ದನಿ ಕೇಳಿ ಅವರಿಗೂ ಬೆರಗಾಗಿತ್ತು. ರುಚಿ ನೋಡುವವರ ಹಾಗೆ ಮೆಲ್ಲಗೆ ಮತ್ತೊಮ್ಮೆ ಅಂದರು. "ಸುಮ್ಮನಿರು."

ಥೆರಪಿಸ್ಟ್ ಅದನ್ನೇ ಹಿಡಿದುಕೊಂಡರು. ತರಗತಿಯಲ್ಲಿ ಆಡಿ ಆಡಿ ನಾಲಿಗೆಯಲ್ಲಿ ಕೂತ ಅಪ್ಪಣೆಗಳ ಹಿಂದೆಯೇ ಉಳಿದ ಮಾತುಗಳೂ ಬರಬಹುದು ಎಂದರು. ಬಂದವು, ನಿಧಾನವಾಗಿ. "ಕೂತ್ಕೋ" ಬಂತು, "ಸಾಲಾಗಿ" ಬಂತು, "ಜೋರಾಗಿ ಓದು" ಬಂತು. ವಾರ್ಡಿಗೆ ಒಂದು ಶಿಸ್ತೂ ಬಂತು. ಡಾಕ್ಟರು ಕೂಡ ಕೈ ಹಿಂದೆ ಕಟ್ಟಿಕೊಂಡು ನಿಲ್ಲತೊಡಗಿದರು.

ಹೀಗೆ ಮಾತು ಬರತೊಡಗಿದ ಹೊಸತರಲ್ಲಿ ಒಂದು ಸಂಜೆ ಮಗ ಎಂದಿನಂತೆ ಬಂದು ಬಾಗಿಲ ಬಳಿ ನಿಂತಿದ್ದ. ಯಾರೂ ಅವನಿಗೆ ಏನೂ ಹೇಳಿರಲಿಲ್ಲ. ಮೇಡಂ ಅವನನ್ನು ತುಂಬ ಹೊತ್ತು ನೋಡಿದರು. ಎಡಗೈಯಿಂದ ಮಂಚದ ಅಂಚನ್ನು ತಟ್ಟಿದರು.

"ಕೂತ್ಕೋ."

ಅವನು ಬಂದು ಕೂತ. ಅಮ್ಮ ಆಸ್ಪತ್ರೆ ಸೇರಿದ ಮೇಲೆ ಅವನು ಅಲ್ಲಿ ಕೂತದ್ದು ಅದೇ ಮೊದಲು. ನೆರೆತ ತಲೆಯ ಆ ಮನುಷ್ಯ ಪಾಠ ಒಪ್ಪಿಸಲು ಬಾರದ ಹುಡುಗನಂತೆ ಕಾಲ ಬೆರಳು ನೋಡುತ್ತಾ ಕೂತಿದ್ದ. ಮೇಡಂ ಅವನ ಅಂಗಿಯ ಕಾಲರನ್ನು ಒಂದೇ ಕೈಯಲ್ಲಿ ಸರಿಮಾಡಲು ಹೆಣಗುತ್ತಿದ್ದರು. ಗುಮ್ಮಿ ನೀರು ತರುವ ನೆಪ ಮಾಡಿಕೊಂಡು ಹೊರಗೆ ಹೋದಳು.

ಕೋಲು ಊರಿಕೊಂಡು ನಡೆಯುವಷ್ಟಾದ ಮೇಲೆ ದೊಡ್ಡ ಮೇಡಂ ಮನೆಗೆ ಹೋದರು. ಹಾಸಿಗೆಯ ಬಟ್ಟೆ ಬದಲಿಸುತ್ತಾ ಗುಮ್ಮಿ ಬಾಯಿ ತೆರೆದು, ಖಾಲಿ ಮಂಚ ಕಂಡು ಮುಚ್ಚಿದಳು. ಯಾರ ಹತ್ತಿರ ಹೇಳುವುದು? ಹಿಂದಿನ ದಿನ ತಾನೇ ಅಣ್ಣನ ಶಿಷ್ಯನೊಬ್ಬ ಕಾರನ್ನು ನೇರ ಪೊಲೀಸ್ ಠಾಣೆಯ ಒಳಗೇ ನುಗ್ಗಿಸಿ, ಅಲ್ಲೇ ಪಾರ್ಕಿಂಗ್ ಚೆನ್ನಾಗಿ ಮಾಡಿದ್ದ. ಅಂಥ ಕಥೆ ಸುಮ್ಮನೆ ಹಾಳಾಗಬೇಕೆ?

ಮಾರನೆಯ ದಿನ ಆ ಮಂಚಕ್ಕೆ ನಿವೃತ್ತ ವಕೀಲರೊಬ್ಬರು ಬಂದರು. ಅವರ ಕಾಯಿಲೆಯ ಬಗೆ ಬೇರೆ. ಮಾತು ನಿಂತಿರಲಿಲ್ಲ, ಪುಂಖಾನುಪುಂಖವಾಗಿ ಬರುತ್ತಿತ್ತು, ಒಂದಕ್ಕೂ ಅರ್ಥವಿರಲಿಲ್ಲ. ಕೈಕಾಲು ಗಟ್ಟಿಯಾಗಿದ್ದರಿಂದ ಮನೆಯವರಿಗೆ ಕಾಯಿಲೆ ಎಂದು ಗೊತ್ತಾಗಿದ್ದೇ ತಡವಾಗಿಯಂತೆ. ಗುಮ್ಮಿ ಹುರುಪಿನಿಂದ ಕುರ್ಚಿ ಎಳೆದುಕೊಂಡು ಕೂತಳು.

ಹಿರಿಯ ಸಿಸ್ಟರ್ ಹಿಂದಿನಿಂದ ಬಂದು ಅವಳ ಭುಜದ ಮೇಲೆ ಕೈಯಿಟ್ಟರು. "ಇವರ ಹತ್ತಿರ ನೀನು ಮಾತು ಕಮ್ಮಿ ಮಾಡಬೇಕು. ನಿನ್ನ ಮಾತು ಇವರ ತಲೆಗೆ ಗದ್ದಲ. ಮುಖ ನೋಡ್ತಾ ಸುಮ್ಮನೆ ಕೇಳಿಸಿಕೋ."

"ಒಂದೂ ಮಾತಾಡಬಾರದಾ ಸಿಸ್ಟರ್?" ಎಂದಳು ಗುಮ್ಮಿ. ದನಿಯಲ್ಲಿದ್ದ ಸಂಕಟ ಅವಳಿಗೇ ಆಶ್ಚರ್ಯ ತಂದಿತು.

"ಮೊದಲು ಕೇಳು. ಆಮೇಲೆ ನೋಡೋಣ."

ವಕೀಲರು ಏನನ್ನೋ ಬಲವಾಗಿ ವಾದಿಸುತ್ತಿದ್ದರು. ಗುಮ್ಮಿ ಕೈಕಟ್ಟಿ ಕೂತು, ಅವರು ಉಸಿರು ತೆಗೆದುಕೊಳ್ಳಲು ಎಲ್ಲಾದರೂ ನಿಲ್ಲಿಸಿಯಾರೇ ಎಂದು ಕಾಯತೊಡಗಿದಳು. ಅವರು ನಿಲ್ಲಿಸುವ ಲಕ್ಷಣ ಕಾಣಲಿಲ್ಲ.